ಎಂಬತ್ಮೂರನೆಯ ಗೆರೆ

"ಹೊದಿಕೆ ಪೂರ್ತಿ ತೆಗೀರಿ. ಅರ್ಧ ತೆಗೆದು ತೋರಿಸಿದ್ರೆ ನಾನು ಅರ್ಧ ಮಷಿನ್ ಕೊಂಡ್ಕೊಂಡು ಹೋಗ್ಲಾ?"

ಶೆಡ್ಡಿನ ಮಾಲೀಕ ನಕ್ಕ. ನಗುವುದೇ ಅವನ ಕಸುಬಿರಬೇಕು. ಬೆಳಗ್ಗೆ ಹತ್ತೂವರೆಗೆ ಬಾಗಿಲು ತೆರೆದಾಗಿನಿಂದ ಆ ನಗು ಮುಖದಿಂದ ಕೆಳಗಿಳಿದಿರಲಿಲ್ಲ. ಅವಳು ಮನಸ್ಸಿನಲ್ಲೇ ಅವನಿಗೆ ನಗುಮುಖ ಎಂದು ಹೆಸರಿಟ್ಟಾಗಿತ್ತು.

ಅವಳಿಗೂ ಒಂದು ಅಡ್ಡಹೆಸರಿತ್ತು. ಬೋರ್ಡ್ ಮಾಡುವವರು, ಪ್ರಿಂಟ್ ಹಾಕುವವರು ಎಲ್ಲರೂ ಅವಳನ್ನು ಕರೆಯುತ್ತಿದ್ದುದು ಭೂತಗನ್ನಡಿ ಎಂದೇ. ಬೇರೆಯವರು ಕೊರಳಲ್ಲಿ ಸರ ಹಾಕಿಕೊಂಡರೆ ಅವಳ ಕೊರಳಲ್ಲಿ ಕಪ್ಪು ದಾರಕ್ಕೆ ಕಟ್ಟಿದ ಪುಟ್ಟ ಭೂತಗನ್ನಡಿ ನೇತಾಡುತ್ತಿತ್ತು. ಹಳೆಯ ಮಷಿನ್ ಕೊಳ್ಳುವ ಮುಂಚೆ ಜನ ಅವಳನ್ನೋ ಅವಳ ಅಣ್ಣನನ್ನೋ ಕರೆದೊಯ್ದು ತೋರಿಸುತ್ತಿದ್ದರು. ಇಬ್ಬರಿಗೂ ಅಪ್ಪನಿಂದ ಬಂದ ವಿದ್ಯೆ ಅದು.

ಇವತ್ತು ಅವಳನ್ನು ಕರೆತಂದವರು ಮಾತ್ರ ಅಣ್ಣನ ವಕೀಲರು. ಈ ಶೆಡ್ಡಿನ ವಿಳಾಸ ಹುಡುಕಿದವರೂ ಅವರೇ. "ನನ್ನ ಮುಖ ಕಂಡ್ರೆ ಅವನು ಎಚ್ಚೆತ್ಕೋತಾನೆ. ನೀವು ಗಿರಾಕಿ ಥರ ಒಬ್ರೇ ಹೋಗಿ. ಆದ್ರೆ ಒಂದೂ ಬಿಡದೆ ವಿಡಿಯೊ ಮಾಡ್ಕೊಳ್ಳಿ" ಎಂದು ಹೇಳಿ, ತಾವು ಹೊರಗೆ ರಸ್ತೆಯಲ್ಲಿ ಕಾರಿನೊಳಗೇ ಕೂತಿದ್ದರು.

ಕುಸಿದುಬಿದ್ದ ಲಿಫ್ಟಿನಲ್ಲಿ 'ಪರೀಕ್ಷಿಸಲಾಗಿದೆ' ಎಂಬ ನಕಲಿ ಫಲಕ ಸಿಕ್ಕು, ಅಂಥವೇ ಹನ್ನೊಂದು ಫಲಕಗಳು ಅಣ್ಣನ ಬೋರ್ಡ್ ಅಂಗಡಿಯ ರದ್ದಿ ಡಬ್ಬದಲ್ಲಿ ಸಿಕ್ಕು ಇವತ್ತಿಗೆ ಒಂಬತ್ತು ದಿನ. ಒಂದು ಜೀವ ಹೋಗಿತ್ತು. ಅಣ್ಣ ಲಾಕಪ್ಪಿನಲ್ಲಿದ್ದ. ನಾಳೆ ಹನ್ನೊಂದಕ್ಕೆ ಕೋರ್ಟಿನ ಮುಂದೆ ಅವನ ಜಾಮೀನಿನ ಅರ್ಜಿ ಬರುವುದಿತ್ತು.

ಆ ಹನ್ನೊಂದರಲ್ಲಿ ಎರಡು ಫಲಕಗಳ ಮೇಲೆ, ನೋಂದಣಿ ಸಂಖ್ಯೆಯ ನಾಲ್ಕನೆಯ ಅಂಕಿಯ ಹತ್ತಿರ, ನೆಟ್ಟಗಿರಬೇಕಾದ ಗೆರೆ ಗರಗಸದ ಹಲ್ಲಿನಂತೆ ಮುರಿದಿತ್ತು. ಕೂದಲೆಳೆಯಷ್ಟೇ. ಪೊಲೀಸರ ತಜ್ಞ ಅದನ್ನು ನೋಡಿ ಮೂಗು ಮುರಿದಿದ್ದ. ಭೂತಗನ್ನಡಿಗೆ ಮಾತ್ರ ಅದನ್ನು ಕಂಡ ದಿನದಿಂದ ನಿದ್ದೆ ಹತ್ತಿರಲಿಲ್ಲ. ಅಣ್ಣನ ಮಷಿನ್ ಹಾಗೆ ಹಲ್ಲು ಬಿಡುವುದಿಲ್ಲ. ಬಿಡುವ ಮಷಿನ್ ಬೇರೆಲ್ಲೋ ಇದೆ. ಅದು ಸಿಕ್ಕರೆ ಅಣ್ಣ ಮನೆಗೆ ಬರುತ್ತಾನೆ.

ಹೊದಿಕೆ ಜಾರಿತು. ಮಂಚದಷ್ಟು ಅಗಲದ ಫ್ಲಾಟ್‌ಬೆಡ್ ಪ್ರಿಂಟರ್ ಎದುರು ನಿಂತಿತು. ಚಪ್ಪಟೆ ಹಾಸು, ಹಾಸಿನ ತುಂಬ ಸೂಜಿಮೊನೆಯಂಥ ರಂಧ್ರಗಳು, ಮೇಲೆ ಎಡದಿಂದ ಬಲಕ್ಕೆ ಓಡಾಡುತ್ತ ಇಂಕು ಉಗುಳುವ ಹೆಡ್ಡು. ಅವಳು ಫೋನನ್ನು ಸ್ಟೂಲಿನ ಮೇಲೆ ಒರಗಿಸಿ ವಿಡಿಯೊ ಶುರು ಮಾಡಿದಳು.

"ಫೋಟೊ ವಿಡಿಯೊ ಎಲ್ಲ ಯಾಕೆ ಮೇಡಂ?" ನಗುಮುಖ ಕೇಳಿದ.

"ಮನೇಲಿ ತೋರಿಸ್ಬೇಕು. ಅತ್ತಿಗೆ ಒಪ್ಪದೆ ನಮ್ಮಲ್ಲಿ ಒಂದು ಸ್ಕ್ರೂ ಕೂಡ ಒಳಗೆ ಬರಲ್ಲ."

ಅದಂತೂ ನಿಜವೇ ಆಗಿತ್ತು. ಅತ್ತಿಗೆ ಒಂಬತ್ತು ದಿನದಿಂದ ಅಂಗಡಿಯ ಬಾಗಿಲು ತೆರೆದೇ ಇಟ್ಟಿದ್ದಳು. ಯಾರು ಏನೇ ಅನ್ನಲಿ, ಗಂಡ ತಪ್ಪು ಮಾಡಿಲ್ಲ ಅಂದಮೇಲೆ ಬಾಗಿಲು ಹಾಕುವುದೇಕೆ ಎಂಬುದು ಅವಳ ಹಟ. ಒಬ್ಬ ಗಿರಾಕಿಯೂ ಬಂದಿರಲಿಲ್ಲ.

ಭೂತಗನ್ನಡಿ ಕೆಲಸಕ್ಕಿಳಿದಳು. ಉಕ್ಕಿನ ಅಳತೆಪಟ್ಟಿಯನ್ನು ಹಾಸಿನ ಮೇಲೆ ಅಡ್ಡ ಇಟ್ಟು ಅದರಡಿ ತೆಳು ಕಾಗದ ತೂರಿಸಲು ನೋಡಿದಳು. ತೂರಲಿಲ್ಲ. ಹಾಸು ಸಮವಾಗಿತ್ತು. ಗಾಳಿ ಎಳೆಯುವ ಪಂಪು ಹಾಕಿಸಿ ಅದೇ ಕಾಗದವನ್ನು ನಾಲ್ಕೂ ಮೂಲೆಯಲ್ಲಿ ಇಟ್ಟು ಎಳೆದಳು. ನಾಲ್ಕೂ ಕಡೆ ಹಾಸು ಕಾಗದವನ್ನು ಬಿಡಲೊಲ್ಲದೆ ಹಿಡಿದುಕೊಂಡಿತು.

"ಪಂಪು ಚೆನ್ನಾಗಿದೆ" ಎಂದಳು. ಚೆನ್ನಾಗಿದ್ದುದನ್ನು ಚೆನ್ನಾಗಿದೆ ಅನ್ನಲೇಬೇಕು ಎಂದು ಅಪ್ಪ ಹೇಳಿಕೊಟ್ಟಿದ್ದ.

"ಹೆಡ್ಡೂ ಹೊಸದೇ ಮೇಡಂ. ಹಾಕ್ಸಿ ಇನ್ನೂ ವಾರ ಆಗಿದೆ ಅಷ್ಟೆ."

ಅವಳ ಕೈ ನಿಂತಿತು. "ಮಾರೋ ಮಷಿನ್‌ಗೆ ಹೊಸ ಹೆಡ್ಡಾ? ಅದರ ಬೆಲೇಲಿ ಅರ್ಧ ಮಷಿನ್ ಬರುತ್ತೆ. ಅಷ್ಟೊಂದು ಧಾರಾಳಾನಾ ನೀವು?"

"ಗಿರಾಕಿ ಖುಷಿಯಾಗಿದ್ರೆ ನಮಗೂ ಖುಷಿ."

ಕಿವಿ ಮೇಲೆ ಹೂವು ಇಡುವವರು ಬಹಳ ಜನ ಬಂದು ಹೋಗಿದ್ದರು. ಇಷ್ಟು ದೊಡ್ಡ ಹೂವು ತಂದವನು ಇವನೊಬ್ಬನೇ. ಪ್ರತಿ ಹೆಡ್ಡಿಗೂ ಅದರದೇ ಕುಂದು ಇರುತ್ತದೆ, ಒಂದು ತೂತು ಕಟ್ಟಿಕೊಂಡು ಒಂದು ಎಳೆ ಬಿಟ್ಟುಹೋಗುತ್ತದೆ. ಹೆಡ್ ಬದಲಿಸಿದರೆ ಆ ಗುರುತೆಲ್ಲ ಅಳಿಸಿಹೋಗುತ್ತದೆ. ಯಾರೋ ಈ ಮಷಿನ್ನಿನ ಮುಖ ತೊಳೆಸಿದ್ದರು.

ಆದರೆ ಹಲ್ಲಿನಂಥ ಗೆರೆ ಹೆಡ್ಡಿನಿಂದ ಬರುವುದಲ್ಲ. ಹೆಡ್ಡಿನ ಹಿಂದೆ ಉದ್ದಕ್ಕೂ ಒಂದು ಪಾರದರ್ಶಕ ಪಟ್ಟಿ ಇರುತ್ತದೆ. ತಾನು ಎಲ್ಲಿದ್ದೇನೆ ಎಂದು ಹೆಡ್ಡು ತಿಳಿಯುವುದು ಆ ಪಟ್ಟಿಯನ್ನು ನೋಡಿಕೊಂಡೇ. ಪಟ್ಟಿಗೆ ಗೀರು ಬಿದ್ದರೆ, ಆ ಜಾಗ ಬಂದಾಗಲೆಲ್ಲ ಹೆಡ್ಡು ಎಡವುತ್ತದೆ. ಹೆಡ್ ಬದಲಿಸಿದವರು ಪಟ್ಟಿಯನ್ನು ಮರೆತಿರಬಹುದು. ಅವಳ ನಂಬಿಕೆ ಎಲ್ಲ ಆ ಮರೆವಿನ ಮೇಲೇ ನಿಂತಿತ್ತು.

"ಒಂದು ಪ್ರಿಂಟ್ ತೆಗೆದು ತೋರಿಸಿ."

"ಓಹೋ, ಅದಕ್ಕೇನು." ನಗುಮುಖ ಎಡಮೂಲೆಯಲ್ಲಿ ಸಣ್ಣದೊಂದು ಹಾಳೆ ಇಟ್ಟ. "ಆಪರೇಟರಮ್ಮಾ, ಗುಲಾಬಿ ಹೂವಿನ ಚಿತ್ರ ಹಾಕಿ."

ಆಪರೇಟರಮ್ಮ ಐವತ್ತು ದಾಟಿದ ಹೆಂಗಸು. ಉಗುರಿನ ಸಂದಿಯಲ್ಲೆಲ್ಲ ಇಂಕು. ಅಲ್ಲಿಯವರೆಗೂ ಒಂದು ಮಾತೂ ಆಡಿರಲಿಲ್ಲ. ಕಂಪ್ಯೂಟರಿನ ಮುಂದೆ ಕೂತು ಗುಂಡಿ ಒತ್ತಿದಳು. ಗುಲಾಬಿ ಬಂತು. ಇಬ್ಬನಿ ಸಮೇತ ಬಂತು.

"ಚೆಂದ ಇದೆ. ಇದನ್ನ ನೀವೇ ಇಟ್ಕೊಳ್ಳಿ. ನಂಗೆ ಗೆರೆ ಬೇಕು." ಭೂತಗನ್ನಡಿ ಚೀಲದಿಂದ ಪೆನ್‌ಡ್ರೈವ್ ತೆಗೆದಳು. ತಾನೇ ಹೊತ್ತು ತಂದಿದ್ದ ಉದ್ದನೆಯ ಬಿಳಿ ಹಲಗೆಯನ್ನು ಹಾಸಿನ ಎಡ ಅಂಚಿನಿಂದ ಬಲ ಅಂಚಿನವರೆಗೂ ಮಲಗಿಸಿದಳು. "ಸೆಂಟಿಮೀಟರಿಗೆ ಒಂದು ನೆಟ್ಟನೆ ಗೆರೆ. ಈ ಕಡೆಯಿಂದ ಆ ಕಡೆಗೆ ಪೂರ್ತಿ."

"ಬೇರೆಯವರ ಪೆನ್‌ಡ್ರೈವ್ ಹಾಕಲ್ಲ ಮೇಡಂ. ವೈರಸ್ಸು."

"ಹಾಗಾದ್ರೆ ಇಲ್ಲೇ ಬರೆಸಿ. ನೂರಿಪ್ಪತ್ತು ಗೆರೆ ಎಳೆಯೋಕೆ ಎಷ್ಟು ಹೊತ್ತು?"

"ಇಂಕು ಸುಮ್ನೆ ದಂಡ."

"ಇಂಕಿನ ದುಡ್ಡು ನಂದು."

"ಬಲಗಡೆ ಬಳಸೋದೇ ಕಮ್ಮಿ ಮೇಡಂ. ಎಡಗಡೆ ನೋಡಿದ್ರಲ್ಲ, ಸಾಕಲ್ಲ?"

"ನೀವು ಬಲಗಾಲಿನ ಚಪ್ಪಲಿ ತಗೊಳ್ಳದೆ ಅಂಗಡಿಯಿಂದ ಬರ್ತೀರಾ?"

ಮೂಲೆಯಲ್ಲಿ ಆಪರೇಟರಮ್ಮನ ಭುಜ ಒಂದು ಸಲ ಕುಲುಕಿತು. ನಕ್ಕಳೋ ಕೆಮ್ಮಿದಳೋ ತಿಳಿಯಲಿಲ್ಲ.

ನಗುಮುಖ ಸ್ವಿಚ್ಚಿನ ಕಡೆ ಹೊರಟ. ಭೂತಗನ್ನಡಿ ಅವನಿಗಿಂತ ಮೊದಲು ಹೋಗಿ ಸ್ವಿಚ್ ಬೋರ್ಡಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು. ಎರಡೂ ಕೈ ಕಟ್ಟಿಕೊಂಡಳು.

"ಗೆರೆ ಕಾಣದೆ ನಾನು ಈ ಜಾಗ ಬಿಟ್ಟು ಕದಲಲ್ಲ. ಏನ್ ಮಾಡ್ತೀರೋ ಮಾಡಿ. ಹೊರಗೆ ದಬ್ತೀರಾ? ದಬ್ಬಿ. ಆ ಫೋನು ನೋಡ್ತಾ ಇದೆ."

"ಗಿರಾಕಿ ಅಂತ ಮರ್ಯಾದೆ ಕೊಟ್ರೆ..."

"ಮರ್ಯಾದೆ ಬೇಡ. ಗೆರೆ ಕೊಡಿ."

ಅಷ್ಟರಲ್ಲಿ ಹಿಂದಿನಿಂದ ಮೋಟಾರಿನ ಸದ್ದು ಕೇಳಿಸಿತು. ಆಪರೇಟರಮ್ಮ ಯಾರನ್ನೂ ಕೇಳದೆ ಕಂಪ್ಯೂಟರಿನಲ್ಲಿ ಗೆರೆಗಳನ್ನು ಎಳೆದು ಗುಂಡಿ ಒತ್ತಿದ್ದಳು. ಹೆಡ್ಡು ಬಿಳಿ ಹಲಗೆಯ ಮೇಲೆ ಓಡತೊಡಗಿತ್ತು.

"ಯಾರ್ರೀ ಹಾಕಿ ಅಂದದ್ದು? ನಿಲ್ಸಿ!"

"ಈಗ ನಡುವೆ ನಿಲ್ಸಿದ್ರೆ ಹೆಡ್ ಒಣಗುತ್ತೆ ಸಾರ್" ಎಂದಳು ಆಪರೇಟರಮ್ಮ ಪರದೆಯಿಂದ ಕಣ್ಣು ಕೀಳದೆ. "ಹೊಸ ಹೆಡ್ಡು."

ಅದು ಶುದ್ಧ ಸುಳ್ಳು. ಭೂತಗನ್ನಡಿಗೆ ಆ ಹೆಂಗಸಿನ ಕಾಲಿಗೆ ಬೀಳಬೇಕೆನ್ನಿಸಿತು.

ಐದು ನಿಮಿಷಕ್ಕೆ ಗೆರೆಗಳು ಮುಗಿದವು. ಅವಳು ಕೊರಳಿನ ಗಾಜನ್ನು ಕಣ್ಣಿಗೆ ಒತ್ತಿ, ಮೊದಲ ಗೆರೆಯಿಂದ ಒಂದೊಂದನ್ನೇ ನೋಡುತ್ತ ಬಲಕ್ಕೆ ಸರಿದಳು. ಇಪ್ಪತ್ತು, ನೆಟ್ಟಗೆ. ಐವತ್ತು, ನೆಟ್ಟಗೆ. ಎಪ್ಪತ್ತು, ನೆಟ್ಟಗೆ. ಎಂಬತ್ತು. ಎಂಬತ್ತೊಂದು. ಎಂಬತ್ತೆರಡು.

ಎಂಬತ್ಮೂರನೆಯ ಗೆರೆ ಗರಗಸದಂತೆ ಹಲ್ಲು ಕಿರಿದು ಅವಳನ್ನೇ ನೋಡುತ್ತಿತ್ತು.

ಅದೇ ಹಲ್ಲು. ಫಲಕದ ಫೋಟೊದಲ್ಲಿ ನೂರು ಸಲ ನೋಡಿದ ಅದೇ ಕೂದಲೆಳೆಯ ಹಲ್ಲು. ಅವಳಿಗೆ ಅಲ್ಲೇ ಕೂತು ಅಳಬೇಕೆನ್ನಿಸಿತು. ಅಳಲಿಲ್ಲ. ಇನ್ನೊಂದು ಕೆಲಸ ಬಾಕಿಯಿತ್ತು.

ಹಲಗೆಯನ್ನು ತೆಗೆದು, ಚೀಲದಲ್ಲಿದ್ದ ಟಾರ್ಚನ್ನು ಹಾಸಿನ ಮಟ್ಟಕ್ಕೆ ಓರೆಯಾಗಿ ಹಿಡಿದಳು. ಒಂದೇ ಅಳತೆಯ ತುಂಡುಗಳನ್ನು ಸಾಲಾಗಿ ಪ್ರಿಂಟ್ ಮಾಡುವವರು, ಎಲ್ಲಿ ಯಾವ ತುಂಡು ಇಡಬೇಕೆಂದು ಗೊತ್ತಾಗಲು ಮೊದಲು ಹಾಸಿನ ಮೇಲೇ ಚೌಕಗಳನ್ನು ಪ್ರಿಂಟ್ ಮಾಡಿಕೊಳ್ಳುತ್ತಾರೆ. ಕೆಲಸ ಮುಗಿದ ಮೇಲೆ ಇಂಕು ಕರಗಿಸುವ ಸಾಲ್ವೆಂಟ್ ಹಚ್ಚಿ ಒರೆಸುತ್ತಾರೆ. ಒರೆಸಿದವರಿಗೆ ಹಾಸು ಸ್ವಚ್ಛವಾಗಿ ಕಾಣುತ್ತದೆ. ಓರೆ ಬೆಳಕಿಗೆ ಮಾತ್ರ ಚೌಕಗಳು ಮತ್ತೆ ಎದ್ದು ಕೂರುತ್ತವೆ.

ಎದ್ದವು. ಅಡ್ಡಕ್ಕೆ ಒಂಬತ್ತು ಚೌಕ.

ಪೊಲೀಸರ ಫೋಟೊದಿಂದ ಅಳತೆಗೆ ಸರಿಯಾಗಿ ಕತ್ತರಿಸಿ ತಂದಿದ್ದ ರಟ್ಟನ್ನು, ಆ ಗೆರೆ ಬಿದ್ದ ಜಾಗಕ್ಕೆ ಸೇರುವ ಎಡದಿಂದ ಏಳನೆಯ ಚೌಕದಲ್ಲಿ ಇಟ್ಟಳು. ಬಾಗಿಲಿಗೆ ಚಿಲಕ ಕೂತಂತೆ ಕೂತಿತು. ಹಲಗೆಯನ್ನು ಅದರ ಪಕ್ಕಕ್ಕೆ ತಂದು ಜೋಡಿಸಿದಳು. ಎಂಬತ್ಮೂರನೆಯ ಗೆರೆ ಸರಿಯಾಗಿ ರಟ್ಟಿನ ಮೇಲೆ ಬರೆದುಕೊಂಡಿದ್ದ ನಾಲ್ಕನೆಯ ಅಂಕಿಯ ನೇರಕ್ಕೆ ಬಂದು ನಿಂತಿತು.

"ಲಿಫ್ಟಿನ ಫಲಕ ಹುಟ್ಟಿದ್ದು ಈ ಹಾಸಿನ ಮೇಲೆ" ಎಂದಳು. ಫೋನಿಗೂ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಿದಳು. "ನಮ್ಮಣ್ಣನ ಅಂಗಡೀಲಿ ಅಲ್ಲ. ಇಲ್ಲಿ. ಈಗ ನಗಿ ನೋಡೋಣ."

ನಗುಮುಖ ನಕ್ಕ.

ಸಿಕ್ಕಿಬಿದ್ದವನ ನಗು ಅದಲ್ಲ. ಕಾಯುತ್ತಿದ್ದ ಬಸ್ಸು ಬಂದಾಗ ನಗುವವನ ನಗು.

"ಚೆನ್ನಾಗಿ ತೋರಿಸಿಕೊಟ್ರಿ ಮೇಡಂ. ವಿಡಿಯೊನೂ ಆಯ್ತು. ಈಗ ಒಂದು ಮಾತು ಕೇಳ್ಬೇಕಿತ್ತಲ್ಲ, ಕೇಳ್ಲೇ ಇಲ್ಲ. ಮಷಿನ್ ಯಾರದ್ದು ಅಂತ."

"ನಿಮ್ದಲ್ವಾ?"

"ನಾನು ಶೆಡ್ ಬಾಡಿಗೆಗೆ ಕೊಟ್ಟೋನು. ಮಷಿನ್ ತಂದಿಟ್ಟೋರು ನಿಮ್ಮಣ್ಣ. ಕೊಂಡ್ಕೊಂಡಿದ್ದೂ ಅವರೇ, ಆಡ್ಸಿದ್ದೂ ಅವರೇ. ಈಗ ಒಳಗಿದ್ದಾರಲ್ಲ, ಅದಕ್ಕೇ ನಾನು ಮಾರ್ತಾ ಇದೀನಿ."

"ಸುಳ್ಳು."

"ನಾಳೆ ಕೋರ್ಟಲ್ಲಿ ಹೇಳೋಣ ಬಿಡಿ."

ಅವಳು ಆಪರೇಟರಮ್ಮನ ಕಡೆ ತಿರುಗಿದಳು. "ನಮ್ಮಣ್ಣ ಇಲ್ಲಿ ಕೆಲಸ ಮಾಡ್ಸಿದ್ದನ್ನ ನೀವು ನೋಡಿದ್ದೀರಾ ಅಮ್ಮಾ?"

"ನಾನು ಸೇರಿ ಆರೇ ದಿನ ಆಯ್ತಕ್ಕ. ಮೊದಲಿದ್ದೋರು ಯಾರು ಅಂತಾನೇ ಗೊತ್ತಿಲ್ಲ."

ಅಣ್ಣನ ಮಷಿನ್. ಹಾಗಾದರೆ ಅವಳು ಈಗ ತಾನೇ, ತನ್ನ ಕೈಯಾರೆ, ತನ್ನ ಬಾಯಾರೆ, ವಿಡಿಯೊ ಸಮೇತ ಅಣ್ಣನನ್ನು ಮುಳುಗಿಸಿದ್ದಳು. ಆದರೆ ತಲೆ ತಗ್ಗಿಸಿ ಹೊರಗೆ ಹೋಗುವ ಜಾಯಮಾನ ಅವಳದಲ್ಲ.

"ನಮ್ಮಣ್ಣಂದಾದ್ರೆ ಗುರುತು ಇರುತ್ತೆ. ನೋಡ್ತೀನಿ" ಎಂದು ಸ್ಟೂಲಿನ ಮೇಲಿಂದ ಫೋನು ಎತ್ತಿಕೊಂಡು, ಅದರ ಬೆಳಕು ಹೊತ್ತಿಸಿ, ಮಷಿನ್ನಿನ ಹಿಂದೆ ಹೋಗಿ ನೆಲಕ್ಕೆ ಮಂಡಿಯೂರಿದಳು.

ಅದು ಅಪ್ಪ ಮಾಡಿಟ್ಟ ಪದ್ಧತಿ. ಹಳೆಯ ಮಷಿನ್ ನೋಡಿ ಬಂದ ಮೇಲೆ, ಸಾಗಿಸುವ ಹೊತ್ತಿಗೆ ಅದರ ಬದಲು ಬೇರೊಂದನ್ನು ತಳ್ಳಿಬಿಡುವ ಮಾರಾಟಗಾರರು ಇರುತ್ತಾರೆ. ಅದಕ್ಕೇ ಯಾರೂ ನೋಡದ ಜಾಗದಲ್ಲಿ ಗೀಟು ಎಳೆದು ಬರುವುದು. ಬರೀ ನೋಡಿದ್ದರೆ ಒಂದು ಗೀಟು. ಚೌಕಾಸಿ ಆಗಿದ್ದರೆ ಎರಡು. ಕೊಂಡಿದ್ದರೆ ಮೂರು. ಜಾಗ ಯಾವಾಗಲೂ ಒಂದೇ, ಹಿಂದಿನ ಎಡಗಾಲಿನ ಒಳಮೈ. ಅಪ್ಪ ಹೋದ ಮೇಲೆ ಆ ಜಾಗ ಗೊತ್ತಿದ್ದುದು ಅಣ್ಣನಿಗೆ ಮತ್ತು ಅವಳಿಗೆ ಮಾತ್ರ.

ಬೆಳಕು ಕಾಲಿನ ಒಳಮೈ ಮೇಲೆ ಬಿತ್ತು.

ಮೂರು ಗೀಟು.

ಮೂರು. ಅಂದರೆ ಕೊಂಡಾಗಿದೆ. ಅಣ್ಣ ಅತ್ತಿಗೆಗೆ ಹೇಳದೆ, ತನಗೆ ಹೇಳದೆ ಇಲ್ಲಿ ಬಂದು ಈ ಕೆಲಸ ಮಾಡಿದನೇ? ಚಿಕ್ಕಂದಿನಲ್ಲಿ ಅವಳ ತಪ್ಪಿಗೆ ತಾನು ಪೆಟ್ಟು ತಿಂದ ಅಣ್ಣ? ಕಣ್ಣು ಮಂಜಾಯಿತು. ಅಭ್ಯಾಸಬಲದಿಂದ ಕೈ ಕೊರಳಿನ ಗಾಜನ್ನು ಎತ್ತಿ ಕಣ್ಣಿಗಿಟ್ಟಿತು.

ಮೊದಲ ಗೀಟು ಮಾಸಲು ಬೂದು, ಪುಡಿಪುಡಿಯಾಗಿತ್ತು. ಸೀಸದ ಕಡ್ಡಿಯದು. ಉಳಿದೆರಡು ಕಪ್ಪಗೆ ನುಣ್ಣಗಿದ್ದವು. ಅವು ಪೆನ್ನಿನವು.

ಅಪ್ಪನ ಮಕ್ಕಳು ಮಷಿನ್ನಿನ ಮೇಲೆ ಪೆನ್ನಿನಲ್ಲಿ ಗೀಟು ಎಳೆಯುವುದಿಲ್ಲ. ದಿನಾ ಸಾಲ್ವೆಂಟ್ ಚೆಲ್ಲುವ ಜಾಗವದು, ಪೆನ್ನಿನ ಶಾಯಿ ಒಂದೇ ಒರೆಸಿಗೆ ಕರಗಿಹೋಗುತ್ತದೆ. ಸೀಸದ ಗೀಟು ಕರಗುವುದಿಲ್ಲ. ಅಣ್ಣನ ಅಂಗಿಯ ಜೇಬಿನಲ್ಲಿ ಇವತ್ತಿಗೂ ಮೊಂಡು ಪೆನ್ಸಿಲ್ ಇರುತ್ತದೆ. ಲಾಕಪ್ಪಿನಲ್ಲಿ ಅವನಿಂದ ಕಿತ್ತುಕೊಂಡ ಮೊದಲ ವಸ್ತುವೇ ಅದು.

ಫೋಟೊ ತೆಗೆದಳು. ಆಮೇಲೆ ಮಷಿನ್ನಿನ ಪಕ್ಕ ಬಿದ್ದಿದ್ದ ಸಾಲ್ವೆಂಟಿನ ಬಟ್ಟೆಯ ಮೂಲೆಯನ್ನು ಮೂರನೆಯ ಗೀಟಿನ ತುದಿಗೆ ಮುಟ್ಟಿಸಿದಳು. ತುದಿ ಕರಗಿ ಬಟ್ಟೆಗೆ ಕಪ್ಪು ಹತ್ತಿತು. ಮೊದಲ ಗೀಟಿನ ತುದಿಗೂ ಮುಟ್ಟಿಸಿದಳು. ಅದು ಜಪ್ಪಯ್ಯ ಅಂದರೂ ಜಗ್ಗಲಿಲ್ಲ.

ಅಣ್ಣ ಯಾರೋ ಗಿರಾಕಿಯ ಪರವಾಗಿ ಬಂದು ಈ ಮಷಿನ್ ನೋಡಿದ್ದ. ನೋಡಿದ್ದ, ಅಷ್ಟೇ. ಉಳಿದೆರಡು ಗೀಟುಗಳನ್ನು ಬೇರೆ ಯಾರೋ ಸೇರಿಸಿ ಅವನನ್ನು ಮಾಲೀಕ ಮಾಡಿದ್ದರು. ಮೂರು ಗೀಟಿನ ಅರ್ಥ ಗೊತ್ತಿದ್ದವರು. ಪೆನ್ಸಿಲ್ಲಿನ ವಿಷಯ ಗೊತ್ತಿಲ್ಲದವರು.

ಅಂಥವರು ಯಾರಿದ್ದಾರೆ?

ನಾಲ್ಕು ದಿನದ ಹಿಂದಿನ ಮಧ್ಯಾಹ್ನ ಅವಳ ಕಣ್ಣ ಮುಂದೆ ಬಂತು. ವಕೀಲರ ಕಚೇರಿ. "ನೀವು ಮಷಿನ್ ನೋಡೋ ರೀತಿ ಎಲ್ಲ ಬಿಡಿಸಿ ಹೇಳಿ ಅಮ್ಮಾ, ಯಾವುದು ಎಲ್ಲಿ ಉಪಯೋಗಕ್ಕೆ ಬರುತ್ತೋ" ಎಂದು ಅವರು ಕೇಳಿದ್ದರು. ಅವಳು ಹೇಳಿದ್ದಳು. ಒಂದು, ಎರಡು, ಮೂರು ಎಂದು ಅವರ ಹಾಳೆಯ ಮೇಲೆ ಬರೆದೂ ತೋರಿಸಿದ್ದಳು. ಕೈಗೆ ಪೆನ್ಸಿಲ್ ಸಿಗದೆ ಅವರದೇ ಕಪ್ಪು ಪೆನ್ನಿನಲ್ಲಿ ಬರೆದಿದ್ದಳು. ಜಾಗ ಮಾತ್ರ ಹೇಳಿರಲಿಲ್ಲ. ಅದನ್ನು ಯಾರಿಗೂ ಹೇಳಬಾರದೆಂಬುದು ಅಪ್ಪನ ಕಟ್ಟಪ್ಪಣೆ.

ಇಲ್ಲ. ಅವರಾಗಿರಲಾರರು. ಒಂಬತ್ತು ದಿನದಿಂದ ಅಣ್ಣನಿಗಾಗಿ ಓಡಾಡುತ್ತಿರುವ ಮನುಷ್ಯ. ಒಂದು ಗೀಟು ಎಲ್ಲಿದೆ ಎಂದು ಹುಡುಕಲು ಅವರು ಈ ಮಷಿನ್ನಿನ ಕೆಳಗೆಲ್ಲ ತೆವಳಬೇಕಾಗಿತ್ತು.

ಕೈಯಲ್ಲಿದ್ದ ಫೋನು ಅದುರಿತು. ವಕೀಲರು.

ಅವಳು ಎದ್ದು ನಿಂತಳು. ಎಲ್ಲರಿಗೂ ಕೇಳುವಂತೆ ಸ್ಪೀಕರ್ ಹಾಕಿದಳು.

"ಏನಾಯ್ತಮ್ಮಾ? ಗೆರೆ ಸರಿಹೊಂದ್ತಾ?"

"ಹೊಂದ್ತು ಸಾರ್. ಇದೇ ಮಷಿನ್ನು."

"ಭೇಷ್! ವಿಡಿಯೊ ಇದೆಯಲ್ಲ? ಹಾಗೇ ಇನ್ನೊಂದು ಕೆಲಸ ಮಾಡಿಬಿಡಿ. ಹಿಂದಿನ ಎಡಗಾಲಿದೆಯಲ್ಲ, ಅದರ ಒಳಗಡೆನೂ ಒಂದು ಸಲ ವಿಡಿಯೊ ತೆಗೀರಿ. ನಿಮ್ಮ ಮನೆ ಗುರುತು ಏನಾದ್ರೂ ಇದ್ರೆ ಒಳ್ಳೇದು."

ನಗುಮುಖದ ಮುಖದಿಂದ ನಗು ಇಳಿಯಿತು. ಬೆಳಗ್ಗೆಯಿಂದ ಮೊದಲ ಸಲ.

ಅಣ್ಣನ ವಿರುದ್ಧದ ಸಾಕ್ಷ್ಯವನ್ನು ಅವಳ ಕೈಯಿಂದಲೇ ಮಾಡಿಸಲು ವಕೀಲರು ಅವಳನ್ನು ಇಲ್ಲಿಗೆ ಕರೆತಂದಿದ್ದರು. ಭಯ ಇದ್ದ ಜಾಗದಲ್ಲಿ ಈಗ ಸಿಟ್ಟು ಬಂದು ಕೂತಿತ್ತು. ನೆಮ್ಮದಿ ಕೊಡುವಂಥ ಸಿಟ್ಟು.

"ಯಾವ ಕಾಲು ಸಾರ್?"

"ಹಿಂದಿಂದಮ್ಮಾ, ಎಡಗಡೆ..." ಮಾತು ಅರ್ಧಕ್ಕೇ ನಿಂತಿತು.

"ನಾನು ಜಾಗ ಹೇಳೇ ಇರಲಿಲ್ಲ ಸಾರ್. ಇಲ್ಲಿ ನಾಲ್ಕು ಕಾಲಿವೆ, ನಂಗೂ ಗುರುತು ಹತ್ತುತ್ತಿಲ್ಲ. ಹೊರಗೇ ಇದೀರಲ್ಲ, ನೀವೇ ಬಂದು ತೋರಿಸಿ. ಬರೋವಾಗ ನಿಮ್ಮ ಕಪ್ಪು ಪೆನ್ನೂ ತನ್ನಿ."

ಆ ಕಡೆಯಿಂದ ಕರೆ ಕಡಿದಿತ್ತು.

ಆಪರೇಟರಮ್ಮ ಕುರ್ಚಿಯಿಂದ ಎದ್ದು ಬಂದು ಅವಳ ಪಕ್ಕದಲ್ಲಿ ನಿಂತಳು. "ನಾನೂ ಕೇಳಿಸ್ಕೊಂಡೆ ಅಕ್ಕ. ಎಲ್ಲಿ ಬೇಕಾದ್ರೂ ಹೇಳ್ತೀನಿ."

ಭೂತಗನ್ನಡಿ ಗೆರೆಯ ಹಲಗೆಯನ್ನು ಎದೆಗವಚಿಕೊಂಡು, ಕಪ್ಪು ಹತ್ತಿದ ಬಟ್ಟೆಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು ಶೆಡ್ಡಿನ ಬಾಗಿಲಿಗೆ ಎದುರಾಗಿ ನಿಂತಳು. ಬರಲಿ. ಯಾರು ಬಂದರೂ ಬರಲಿ.

ಹೊರಗೆ ಕಾರಿನ ಬಾಗಿಲು ತೆರೆದು ಮುಚ್ಚಿದ ಸದ್ದಾಯಿತು.

ಅದರ ಹಿಂದೆಯೇ ಇನ್ನೊಂದು ಬಾಗಿಲು ತೆರೆದು ಮುಚ್ಚಿತು.

ಬೆಳಗ್ಗೆ ಬರುವಾಗ ಆ ಕಾರಿನಲ್ಲಿ ಇದ್ದವರು ವಕೀಲರು ಮತ್ತು ಅವಳು, ಇಬ್ಬರೇ.